ಬುಲ್ಸ್ ಬಲವೆಷ್ಟು? ವಲಯದಲ್ಲಿ ಯಾರಿದ್ದರು ನೋಡಿ

ಕಾಫಿ ಕೊಯ್ಲು ಅರ್ಧ ಮುಗಿದು, ಕಣಗಳಲ್ಲಿ ಹಣ್ಣು ಒಣಗುವ ಹೊತ್ತಿಗೆ ಆಲೂರು–ಸಕಲೇಶಪುರ ಸೀಮೆಯಲ್ಲಿ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’ಯ ಬ್ಯಾನರುಗಳು ಏಳುತ್ತವೆ. ಮಗ್ಗೆಯಂಥ ಊರಿನ ಬಯಲಲ್ಲಿ ಹಗಲೆಲ್ಲ ಮಣ್ಣು ಹದಮಾಡಿ, ನೀರು ಚಿಮುಕಿಸಿ, ಸುಣ್ಣದ ಗೆರೆ ಎಳೆದಿರುತ್ತಾರೆ. ಸಂಜೆ ಇಬ್ಬನಿ ಇಳಿಯುವ ಮೊದಲೇ ಜನರೇಟರ್ ಗುಡುಗಲು ಶುರು. ಆಟಕ್ಕೆ ಇನ್ನೂ ಒಂದು ಗಂಟೆಯಿದೆ. ಆದರೆ ಟೀ ಅಂಗಡಿಯ ಮುಂದೆ ಪಂದ್ಯ ಆಗಲೇ ಆರಂಭವಾಗಿರುತ್ತದೆ.

“ಅವ್ರ ಟೀಮಿಗೆ ಹಾಸನದಿಂದ ಒಬ್ಬ, ಮೂಡುಬಿದಿರೆ ಕಾಲೇಜಿಂದ ಇಬ್ರು ಬಂದವ್ರಂತೆ ಕಣ್ಲಾ. ಕಪ್ಪು ಅವ್ರದ್ದೇ.”

“ರೈಡರ್ ಮೂರು ಜನ ಇದ್ರೆ ಆಯ್ತೇನ್ಲಾ? ಕಾರ್ನರ್‌ನಲ್ಲಿ ಯಾರವ್ರೆ ಹೇಳು ನೋಡನ!”

ಎರಡನೆಯವನ ಪ್ರಶ್ನೆ ಸಣ್ಣದಲ್ಲ. ಪ್ರತಿ ಸಲ ಪ್ರೊ ಕಬಡ್ಡಿ ಹರಾಜು ಮುಗಿದಾಗ ಟಿ.ವಿ.ಯಲ್ಲಿ, ಪತ್ರಿಕೆಯಲ್ಲಿ, ಮೊಬೈಲಿನಲ್ಲಿ ಬರುವ ‘ಯಾವ ತಂಡ ಬಲಿಷ್ಠ’ ಎಂಬ ಚರ್ಚೆ ಮೊದಲನೆಯವನ ದಾರಿಯಲ್ಲೇ ಸಾಗುತ್ತದೆ: ಯಾರು ಬಂದರು, ಎಷ್ಟಕ್ಕೆ ಬಂದರು. ತಂಡಗಳನ್ನು ಪಕ್ಕಪಕ್ಕ ಇಟ್ಟು ತೂಗುವುದು ಹೇಗೆ ಎಂದು ತಿಳಿಯಬೇಕಾದರೆ ಬೆಂಗಳೂರು ಬುಲ್ಸ್ ಇದುವರೆಗೆ ಗೆದ್ದಿರುವ ಏಕೈಕ ಪ್ರಶಸ್ತಿಯ ಕಡೆಗೆ, ಅಂದರೆ 2018–19ರ ಆರನೇ ಆವೃತ್ತಿಯ ಕಡೆಗೆ ಹೋಗಬೇಕು. ಆ ವರ್ಷ ಬುಲ್ಸ್‌ನ ಪಟ್ಟಿ ನೋಡಿ ಬೆಚ್ಚಿದವರು ಯಾರೂ ಇರಲಿಲ್ಲ.

ಎರಡು ವಲಯ, ಆರಾರು ತಂಡ

ಪ್ರೊ ಕಬಡ್ಡಿ ಲೀಗ್ 2014ರ ಜುಲೈನಲ್ಲಿ ಎಂಟು ತಂಡಗಳೊಂದಿಗೆ ಆರಂಭವಾಯಿತು. 2017ರ ಐದನೇ ಆವೃತ್ತಿಗೆ ತಂಡಗಳು ಹನ್ನೆರಡಾದವು. ಆಗ ಅವುಗಳನ್ನು ‘ಎ’ ಮತ್ತು ‘ಬಿ’ ಎಂದು ಎರಡು ವಲಯಗಳಾಗಿ ಒಡೆದರು. ಆರನೇ ಆವೃತ್ತಿಯಲ್ಲೂ ಇದೇ ಏರ್ಪಾಡು. ಬುಲ್ಸ್ ಇದ್ದದ್ದು ‘ಬಿ’ಯಲ್ಲಿ, ಜೊತೆಗೆ ಪಟ್ನಾ ಪೈರೇಟ್ಸ್, ಯು.ಪಿ. ಯೋಧಾ, ಬೆಂಗಾಲ್ ವಾರಿಯರ್ಸ್, ತೆಲುಗು ಟೈಟನ್ಸ್, ತಮಿಳ್ ತಲೈವಾಸ್.

ಪ್ರತಿ ತಂಡಕ್ಕೂ ಲೀಗ್ ಹಂತದಲ್ಲಿ 22 ಪಂದ್ಯ. ತನ್ನ ವಲಯದ ಐದೂ ತಂಡಗಳನ್ನು ಮೂರು ಮೂರು ಸಲ ಎದುರಿಸಬೇಕಿತ್ತು. ಅಲ್ಲಿಗೆ 15 ಆಯಿತು. ಉಳಿದ 7 ಮಾತ್ರ ಆಚೆ ವಲಯದವರ ಮೇಲೆ. ಎರಡೂ ವಲಯಗಳಿಂದ ಮೊದಲ ಮೂರು ಸ್ಥಾನದವರು ಪ್ಲೇ-ಆಫ್‌ಗೆ ಹೋಗುತ್ತಿದ್ದರು.

ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ನೋಡುವವರಿಗೆ ಇದು ಹೊಸತಲ್ಲ. ಅಲ್ಲಿ 30 ತಂಡಗಳು ಪೂರ್ವ, ಪಶ್ಚಿಮ ಎಂದು ಹದಿನೈದು ಹದಿನೈದಾಗಿ ಹಂಚಿಹೋಗಿವೆ. ಒಂದು ತಂಡ ಆಡುವ 82 ಪಂದ್ಯಗಳಲ್ಲಿ 52 ತನ್ನ ಗುಂಪಿನವರ ಮೇಲೆಯೇ. ಹಾಗಾಗಿ ಅಲ್ಲಿನ ಕ್ರೀಡಾ ಬರಹಗಾರರು ಒಂದು ತಂಡದ ಆಟಗಾರರ ಪಟ್ಟಿಯನ್ನು ಮೊದಲು ಹೋಲಿಸುವುದು ಅದೇ ಗುಂಪಿನ ಪ್ರತಿಸ್ಪರ್ಧಿಗಳ ಜೊತೆ. ಪಶ್ಚಿಮದಲ್ಲಿ ಏಳನೆಯದಾಗಿ ಉಳಿಯುವ ತಂಡ ಪೂರ್ವದಲ್ಲಿದ್ದರೆ ನಾಲ್ಕನೆಯದಾಗುತ್ತಿತ್ತೇನೋ ಎಂಬ ಜಗಳ ಅಲ್ಲಿ ವರ್ಷವರ್ಷವೂ ಇದ್ದದ್ದೇ.

ನಮ್ಮ ಊರಿನ ಟೂರ್ನಿಯಲ್ಲಿ ಯಾರ ಮೇಲೆ ಯಾರು ಎಂದು ಟೈಸ್ ಎತ್ತುವಾಗ ನಡೆಯುವ ಗಲಾಟೆಯ ಒಳಗುಟ್ಟೂ ಇದೇ. ಬಲವಾದ ಎರಡು ತಂಡ ಒಂದೇ ಕಡೆಗೆ ಬಿದ್ದರೆ ಇನ್ನೊಂದು ಕಡೆಯವರು ನಗುತ್ತಾ ಫೈನಲ್‌ಗೆ ನಡೆಯುತ್ತಾರೆ.

ಕೋಟಿಯವರು ಎಲ್ಲಿ ಮುಟ್ಟಿದರು

ಆರನೇ ಆವೃತ್ತಿಯ ಹರಾಜು 2018ರ ಮೇ ಕೊನೆಯಲ್ಲಿ ಮುಂಬೈನಲ್ಲಿ ನಡೆಯಿತು. ಕಬಡ್ಡಿ ಆಟಗಾರನ ಬೆಲೆ ಕೋಟಿ ಮುಟ್ಟಿದ್ದು ಅದೇ ಮೊದಲು. ಮುಟ್ಟಿದವರು ಆರು ಮಂದಿ. ಹರಿಯಾಣ ಸ್ಟೀಲರ್ಸ್ ಮೋನು ಗೋಯತ್‌ಗೆ 1.51 ಕೋಟಿ ರೂಪಾಯಿ ಕೊಟ್ಟಿತು. ತೆಲುಗು ಟೈಟನ್ಸ್ ರಾಹುಲ್ ಚೌಧರಿಯನ್ನು 1.29 ಕೋಟಿಗೆ ಉಳಿಸಿಕೊಂಡಿತು. ನಿತಿನ್ ತೋಮರ್ ಪುಣೆಗೆ, ದೀಪಕ್ ಹೂಡಾ ಜೈಪುರಕ್ಕೆ, ಇಬ್ಬರೂ 1.15 ಕೋಟಿಗೆ. ರಿಶಾಂಕ್ ದೇವಾಡಿಗ ಯು.ಪಿ.ಗೆ 1.11 ಕೋಟಿ. ಇರಾನಿನ ಫಜಲ್ ಅತ್ರಾಚಲಿ ಯು ಮುಂಬಾಗೆ 1 ಕೋಟಿ.

ಒಂದು ತಂಡ ಒಟ್ಟಾರೆ ಖರ್ಚು ಮಾಡಬಹುದಾಗಿದ್ದ ಹಣಕ್ಕೆ 4 ಕೋಟಿಯ ಮಿತಿಯಿತ್ತು. ಅದರೊಳಗೆ ಕನಿಷ್ಠ 18 ಆಟಗಾರರನ್ನು ಕಟ್ಟಬೇಕಿತ್ತು. ಒಬ್ಬನಿಗೇ ಮೂರನೇ ಒಂದು ಭಾಗ ಸುರಿದರೆ ಉಳಿದ ಹದಿನೇಳು ಮಂದಿಗೆ ಏನು ಉಳಿಯುತ್ತದೆಂದು ಬಾಯಿಲೆಕ್ಕದಲ್ಲೇ ಹೇಳಬಹುದು.

ಈಗ ಆ ಆರು ತಂಡಗಳ ಗತಿ ನೋಡಿ. ಹರಿಯಾಣ ‘ಎ’ ವಲಯದಲ್ಲಿ ಕೊನೆ. ಜೈಪುರ ಐದನೆಯದು, ಪುಣೆ ನಾಲ್ಕನೆಯದು. ಟೈಟನ್ಸ್ ‘ಬಿ’ಯಲ್ಲಿ ಐದನೆಯದು. ಪ್ಲೇ-ಆಫ್ ಕಂಡಿದ್ದು ಯು ಮುಂಬಾ ಮತ್ತು ಯು.ಪಿ. ಮಾತ್ರ. ಫೈನಲ್ ಆಡಿದ ಗುಜರಾತ್ ಮತ್ತು ಬೆಂಗಳೂರು ತಂಡಗಳಲ್ಲಿ ಕೋಟಿಯ ಆಟಗಾರ ಒಬ್ಬನೂ ಇರಲಿಲ್ಲ.

ಬುಲ್ಸ್ ಹಿಂದಿನ ವರ್ಷದಿಂದ ಉಳಿಸಿಕೊಂಡದ್ದು ನಾಯಕ ರೋಹಿತ್ ಕುಮಾರ್ ಒಬ್ಬರನ್ನೇ. ಹರಾಜಿನಲ್ಲಿ ತಂಡ ತೆಗೆದುಕೊಂಡ ದೊಡ್ಡ ಹೆಸರು ಪವನ್ ಸೆಹ್ರಾವತ್; 52.8 ಲಕ್ಷ. ದೊಡ್ಡ ಹೆಸರು ಎಂದು ಈಗ ಅನ್ನಿಸುತ್ತದೆ. ಆಗ ಪವನ್, ಹಿಂದಿನ ಆವೃತ್ತಿಯಲ್ಲಿ ಗುಜರಾತ್ ಬೆಂಚಿನ ಮೇಲೆ ಹೆಚ್ಚು ಹೊತ್ತು ಕಳೆದ ಹುಡುಗ. ಡಿಫೆನ್ಸ್‌ಗೆ ಮಹೇಂದರ್ ಸಿಂಗ್ 40 ಲಕ್ಷಕ್ಕೆ ಬಂದರು. ಮಹಾರಾಷ್ಟ್ರದ ಅನುಭವಿ ರೈಡರ್ ಕಾಶಿಲಿಂಗ್ ಅಡಕೆ ಸೇರಿದರು. ಉಳಿದವರಲ್ಲಿ ಬಹಳ ಮಂದಿ ಹೊಸಬರು.

ಅಂಕಣದ ಮೇಲಿನ ಏಳು ಮಂದಿ

ಕಬಡ್ಡಿಯಲ್ಲಿ ಬೆಲೆಯ ಪಟ್ಟಿ ಯಾಕೆ ಮೋಸ ಮಾಡುತ್ತದೆ ಎಂಬುದಕ್ಕೆ ಆಟದ ಒಳಗೇ ಉತ್ತರವಿದೆ. ಒಬ್ಬ ರೈಡರ್ ಔಟಾದರೆ ಅವನು ಹೊರಗೆ ಕೂರುತ್ತಾನೆ. ತನ್ನ ಕಡೆಯವರು ಎದುರಾಳಿಯೊಬ್ಬನನ್ನು ಔಟ್ ಮಾಡಿದಾಗ ಅವನಿಗೆ ಮರುಜೀವ. ಹಾಗಾಗಿ ಎಷ್ಟೇ ದೊಡ್ಡ ರೈಡರ್ ಇರಲಿ, ಅವನನ್ನು ಬೇಗ ಒಳಗೆ ಕರೆತರುವವರು ಯಾರು ಎಂಬ ಪ್ರಶ್ನೆ ಅವನಷ್ಟೇ ದೊಡ್ಡದು. ಪಂದ್ಯ 40 ನಿಮಿಷ. ಅದರಲ್ಲಿ ತಾರಾ ಆಟಗಾರ 15 ನಿಮಿಷ ಹೊರಗೆ ಕೂತರೆ ಅವನಿಗೆ ಕೊಟ್ಟ ಹಣದ ಮೂರನೇ ಒಂದಂಶಕ್ಕೂ ಹೆಚ್ಚು ಬೆಂಚಿನ ಮೇಲೆ ಕೂತಂತೆಯೇ.

ರೈಡರ್‌ನನ್ನು ಹಿಡಿಯುವ ಕ್ಯಾಚರ್‌ಗಳ ಕಥೆ ಇನ್ನೂ ಬಿಗಿ. ಎರಡು ತುದಿಗೆ ಕಾರ್ನರ್, ಅವರ ಒಳಗೆ ಕವರ್. ಕಾರ್ನರ್ ಕಾಲು ಹಿಡಿದರೆ ಕವರ್ ಓಡಿಬಂದು ತಳ್ಳಬೇಕು. ಅರೆಕ್ಷಣ ತಡವಾದರೂ ರೈಡರ್ ಮಧ್ಯದ ಗೆರೆ ಮುಟ್ಟಿ ಇಬ್ಬರನ್ನೂ ಕರೆದುಕೊಂಡು ಹೋಗುತ್ತಾನೆ. ಬೇರೆ ಬೇರೆ ಊರಿಂದ ಬಂದ ಇಬ್ಬರು ಒಳ್ಳೆಯ ಕ್ಯಾಚರ್‌ಗಳು ಒಂದು ಒಳ್ಳೆಯ ಜೋಡಿ ಆಗಿಬಿಡುವುದಿಲ್ಲ. ನೊಗಕ್ಕೆ ಹೊಸದಾಗಿ ಕಟ್ಟಿದ ಎತ್ತುಗಳ ಹಾಗೆ ಅವರಿಗೂ ಹೆಜ್ಜೆ ಕೂಡಬೇಕು.

ಈ ಕಣ್ಣಿನಿಂದ ‘ಬಿ’ ವಲಯದ ಐದೂ ಪ್ರತಿಸ್ಪರ್ಧಿಗಳನ್ನು ನೋಡೋಣ.

ಪಟ್ನಾ ಆಗ ಸತತ ಮೂರು ಸಲದ ಚಾಂಪಿಯನ್. ಅದರ ನಾಯಕ ಪ್ರದೀಪ್ ನರ್ವಾಲ್ ಹಿಂದಿನ ಆವೃತ್ತಿಯಲ್ಲಿ 369 ರೈಡ್ ಅಂಕ ಗಳಿಸಿ ದಾಖಲೆ ಬರೆದಿದ್ದ ‘ಡುಬ್ಕಿ’ ರಾಜ. ಎದುರಾಳಿಗಳ ಸರಪಳಿ ಮುಚ್ಚಿಕೊಳ್ಳುವ ಮುನ್ನ ಅವರ ಕೈಗಳಡಿ ತಲೆತಗ್ಗಿಸಿ ನುಸುಳಿ ಗೆರೆಗೆ ಬೀಳುವುದು ಅವನ ವಿದ್ಯೆ. ಆರನೇ ಆವೃತ್ತಿಯಲ್ಲೂ ಅವನು 233 ರೈಡ್ ಅಂಕ ತಂದ. ಆದರೆ ಮೋನು ಗೋಯತ್ ಹರಿಯಾಣಕ್ಕೆ ಹೋಗಿದ್ದ. ಅವನ ಜಾಗಕ್ಕೆ 57 ಲಕ್ಷ ಕೊಟ್ಟು ತಂದ ದೀಪಕ್ ನರ್ವಾಲ್‌ನಿಂದ ಅಷ್ಟು ಆಧಾರ ಸಿಗಲಿಲ್ಲ. ಪ್ರದೀಪ್ ಹೊರಗೆ ಕೂತಾಗಲೆಲ್ಲ ಪಟ್ನಾದ ಆಟಕ್ಕೆ ಉಸಿರು ಕಟ್ಟುತ್ತಿತ್ತು. 55 ಅಂಕಕ್ಕೆ ನಿಂತ ತಂಡ ಎರಡೇ ಅಂಕದಿಂದ ಪ್ಲೇ-ಆಫ್ ತಪ್ಪಿಸಿಕೊಂಡಿತು.

ಯು.ಪಿ.ಯದು ತಲೆಕೆಳಗಾದ ಕಥೆ. ರಿಶಾಂಕ್‌ಗೆ 1.11 ಕೋಟಿ, ಕರಾವಳಿಯ ಹುಡುಗ ಪ್ರಶಾಂತ್ ಕುಮಾರ್ ರೈಗೆ 79 ಲಕ್ಷ. ಇಬ್ಬರು ರೈಡರ್‌ಗಳಿಗೇ 1.90 ಕೋಟಿ, ಅಂದರೆ ಮಿತಿಯ ಹತ್ತಿರಹತ್ತಿರ ಅರ್ಧ. ಆ ತಂಡದಲ್ಲಿ ಹೆಸರು ಮಾಡಿದವನು ಮಾತ್ರ ಕಾರ್ನರ್‌ನಲ್ಲಿ ನಿಲ್ಲುವ ನಿತೇಶ್ ಕುಮಾರ್. ಒಂದೇ ಆವೃತ್ತಿಯಲ್ಲಿ 100 ಟ್ಯಾಕಲ್ ಅಂಕ ಮುಟ್ಟಿದ ಮೊದಲ ಆಟಗಾರ ಅವನು. ಹಣ ಹೋದದ್ದು ಒಂದು ಕಡೆ, ಅಂಕ ಬಂದದ್ದು ಇನ್ನೊಂದು ಕಡೆ. 8 ಗೆಲುವು, 10 ಸೋಲು, 4 ಟೈ. 57 ಅಂಕದೊಂದಿಗೆ ಮೂರನೇ ಸ್ಥಾನ.

ಟೈಟನ್ಸ್‌ನಲ್ಲಿ ರಾಹುಲ್ ಚೌಧರಿ, ಜೊತೆಗೆ ಇರಾನಿನ ಅಬೋಜರ್ ಮಿಘಾನಿ. 76 ಲಕ್ಷದ ಕ್ಯಾಚರ್. ಇಬ್ಬರ ಮೊತ್ತ 2.05 ಕೋಟಿ. ನಾಯಕ ವಿಶಾಲ್ ಭಾರದ್ವಾಜ್ ಕೂಡ ಒಳ್ಳೆಯ ಕಾರ್ನರ್. ಕಾಗದದ ಮೇಲೆ ಈ ಡಿಫೆನ್ಸ್ ವಲಯದಲ್ಲೇ ಅತ್ಯುತ್ತಮ ಅನ್ನಬಹುದಿತ್ತು. ಪಾಯಿಂಟ್ ಪಟ್ಟಿ ಬಿಡಿಸಿದರೆ ಅದರ ಸಂಕಟ ಕಾಣುತ್ತದೆ. ಆಗ ಗೆದ್ದರೆ 5, ಟೈ ಆದರೆ 3, ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತರೆ 1 ಅಂಕ ಸಿಗುತ್ತಿತ್ತು. ಟೈಟನ್ಸ್ 8 ಗೆದ್ದು 1 ಟೈ ಮಾಡಿಕೊಂಡು 51 ಅಂಕ ಪಡೆಯಿತು. ಲೆಕ್ಕ ಹಾಕಿ: ಸೋತ 13ರಲ್ಲಿ 8 ಪಂದ್ಯ ಕೈಗೆ ಬಂದು ಜಾರಿದವು. ಕೊನೆಯ ಐದು ನಿಮಿಷದಲ್ಲಿ ರಾಹುಲ್ ಬಿಟ್ಟು ಯಾರನ್ನು ರೈಡಿಗೆ ಕಳಿಸಬೇಕೆಂದು ಆ ತಂಡಕ್ಕೆ ಗೊತ್ತಿರಲಿಲ್ಲ ಎಂದು ನನಗನ್ನಿಸುತ್ತದೆ.

ತಮಿಳ್ ತಲೈವಾಸ್ ಹೆಸರುಗಳನ್ನು ನೋಡಿದರೆ ಯಾರಾದರೂ ಕಪ್ ಅವರದ್ದೇ ಅನ್ನುತ್ತಿದ್ದರು. ಅಜಯ್ ಠಾಕೂರ್, ಮಂಜೀತ್ ಚಿಲ್ಲರ್, ಜಸ್ವೀರ್ ಸಿಂಗ್, ನಮ್ಮ ಸುಕೇಶ್ ಹೆಗ್ಡೆ. ಭಾರತ ತಂಡದಲ್ಲಿ ಆಡಿ ಪಳಗಿದವರ ದಂಡೇ ಅಲ್ಲಿತ್ತು. ಆ ವರ್ಷ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ನಾಯಕನಾಗಿದ್ದವನು ಅಜಯ್ ಠಾಕೂರ್‌ನೇ. ಅವನು ಇನ್ನೂರರ ಮೇಲೆ ರೈಡ್ ಅಂಕ ಗಳಿಸಿದ ಕೂಡ. ಆದರೂ ತಂಡ ಗೆದ್ದದ್ದು 22ರಲ್ಲಿ 5. ಮೂರು ತಿಂಗಳು ಊರೂರು ಸುತ್ತಿ ಆಡುತ್ತಿದ್ದ ಲೀಗಿನಲ್ಲಿ ಮೂವತ್ತರ ಗಡಿಯ ಮೊಣಕಾಲುಗಳು ಏನು ಹೇಳುತ್ತವೋ ಅದೇ ಕೊನೆಯ ಮಾತು. ಬುಲ್ಸ್ ತನ್ನ ಮೊದಲ ಪಂದ್ಯವನ್ನು ಚೆನ್ನೈನಲ್ಲಿ ಇವರ ಮೇಲೆಯೇ ಆಡಿ 48–37ರಿಂದ ಗೆದ್ದಿತು. ಪವನ್ ಒಬ್ಬನೇ 20 ಅಂಕ ತಂದಿದ್ದ.

ಬೆಂಗಾಲ್ ವಾರಿಯರ್ಸ್ ಮಾತ್ರ ಬುಲ್ಸ್‌ಗೆ ನಿಜವಾದ ಸಾಟಿ. ರೈಡಿಂಗ್‌ಗೆ ಮಣಿಂದರ್ ಸಿಂಗ್ ಮತ್ತು ಕೊರಿಯಾದ ಜಾಂಗ್ ಕುನ್ ಲೀ, ಹಿಂದೆ ನಾಯಕ ಸುರ್ಜೀತ್ ಸಿಂಗ್. ಹಿಂದಿನ ವರ್ಷದ ಮುಖ್ಯ ಆಟಗಾರರನ್ನು ಬಿಟ್ಟುಕೊಡದ ತಂಡ ಅದು. ಹಾಗಾಗಿ ಹೊಂದಾಣಿಕೆಗೆ ಹೊಸದಾಗಿ ಕಾಯಬೇಕಾಗಿರಲಿಲ್ಲ. 12 ಗೆಲುವು, 69 ಅಂಕ, ಎರಡನೇ ಸ್ಥಾನ.

ಬುಲ್ಸ್ 13 ಗೆದ್ದು, 7 ಸೋತು, 2 ಟೈ ಮಾಡಿಕೊಂಡು 78 ಅಂಕದೊಂದಿಗೆ ಮೊದಲ ಸ್ಥಾನದಲ್ಲಿ ನಿಂತಿತು. ಇಲ್ಲೂ ಆ ಲೆಕ್ಕ ಮಾಡಿ ನೋಡಿ. 13 ಗೆಲುವಿಗೆ 65, ಎರಡು ಟೈಗೆ 6, ಒಟ್ಟು 71. ಮಿಕ್ಕ 7 ಅಂಕ ಎಲ್ಲಿಂದ ಬಂತು? ಸೋತ ಏಳೂ ಪಂದ್ಯಗಳಿಂದ. ಅಂದರೆ ಇಡೀ ಲೀಗ್ ಹಂತದಲ್ಲಿ ಯಾರೂ ಈ ತಂಡವನ್ನು ಎಂಟು ಅಂಕಗಳ ಅಂತರದಲ್ಲಿ ಸೋಲಿಸಲಿಲ್ಲ. ಪವನ್‌ನ ಹಾರಾಟ ನೆನಪಿಟ್ಟುಕೊಂಡವರು ಈ ಏಳನ್ನು ಮರೆಯುತ್ತಾರೆ. ಪವನ್ ಹೊರಗಿದ್ದಾಗ ರೋಹಿತ್, ರೋಹಿತ್ ಹೊರಗಿದ್ದಾಗ ಕಾಶಿಲಿಂಗ್; ಯಾರೋ ಒಬ್ಬರು ಒಂದೊಂದು ಅಂಕ ತಂದು ಪಂದ್ಯವನ್ನು ಕೈಬಿಡದೆ ಹಿಡಿದಿದ್ದರು.

ಹಳೇ ಬುಲ್ಸ್, ಎದುರು ಪಾಳಯದಲ್ಲಿ

ಆ ವಲಯದ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟಾಗ ಇನ್ನೊಂದು ವಿಚಿತ್ರ ಕಾಣುತ್ತದೆ. ಬುಲ್ಸ್ ಆಡುತ್ತಿದ್ದದ್ದು ಅರ್ಧ ತನ್ನದೇ ಹಳೆಯ ತಂಡದ ಮೇಲೆ.

ಮಂಜೀತ್ ಚಿಲ್ಲರ್ ಮೊದಲೆರಡು ಆವೃತ್ತಿಗಳಲ್ಲಿ ಬುಲ್ಸ್ ನಾಯಕ. 2015ರಲ್ಲಿ ತಂಡವನ್ನು ಫೈನಲ್‌ವರೆಗೆ ಕೊಂಡೊಯ್ದಿದ್ದ. ಅಲ್ಲಿ ಯು ಮುಂಬಾ ಎದುರು 30–36ರ ಸೋಲು. ಅಜಯ್ ಠಾಕೂರ್ ಆಗ ಬುಲ್ಸ್‌ನ ಮುಖ್ಯ ರೈಡರ್. ಪ್ರದೀಪ್ ನರ್ವಾಲ್ ಎಂಬ ಹದಿಹರೆಯದ ಹುಡುಗ ಪ್ರೊ ಕಬಡ್ಡಿಗೆ ಕಾಲಿಟ್ಟದ್ದು ಅದೇ ವರ್ಷ, ಅದೇ ಕೆಂಪು ಜೆರ್ಸಿಯಲ್ಲಿ. ಅವನನ್ನು ಬುಲ್ಸ್ ಬಿಟ್ಟುಕೊಟ್ಟಿತು. ಪಟ್ನಾ ಎತ್ತಿಕೊಂಡು ಮೂರು ಕಪ್ ಗೆದ್ದಿತು. ಇತ್ತ ರೋಹಿತ್ ಕುಮಾರ್ ಪಟ್ನಾದಲ್ಲಿ ಮಿಂಚಿ ಬೆಂಗಳೂರಿಗೆ ಬಂದವನು. ಪವನ್ ಕೂಡ ಮೊದಲು ಬುಲ್ಸ್‌ನಲ್ಲಿ ಆಡಿ, ಗುಜರಾತಿಗೆ ಹೋಗಿ, ಮರಳಿದವನು.

ಹಾಗೆ ನೋಡಿದರೆ ಈ ಲೀಗಿನಲ್ಲಿ ‘ನಮ್ಮ ತಂಡ’ ಅನ್ನುವುದು ಒಂದು ಹರಾಜಿನಿಂದ ಇನ್ನೊಂದು ಹರಾಜಿನವರೆಗೆ ಮಾತ್ರ. ಯಾರನ್ನು ಕೊಂಡರು ಎಂದು ಕೇಳುವವರು ಯಾರನ್ನು ಬಿಟ್ಟರು, ಬಿಟ್ಟವನು ಯಾರ ಮನೆ ಸೇರಿದ ಎಂದೂ ಕೇಳಬೇಕು. ಆಗಿನ ಏರ್ಪಾಡಿನಲ್ಲಿ ಅವನು ಅದೇ ವಲಯಕ್ಕೆ ಹೋದರೆ ವರ್ಷಕ್ಕೆ ಮೂರು ಸಲ ಎದುರು ಬಂದು ನಿಲ್ಲುತ್ತಿದ್ದ.

ಕನ್ನಡದ ಹುಡುಗರು

ಬೆಂಗಳೂರಿನ ಹೆಸರಿನ ತಂಡದಲ್ಲಿ ಕರ್ನಾಟಕದವರು ಎಷ್ಟು ಮಂದಿ ಎಂಬುದು ನಮ್ಮ ಕಡೆ ಹಳೆಯ ಅಸಮಾಧಾನ. ನಾಯಕ ರೋಹಿತ್ ದೆಹಲಿ ಹೊರವಲಯದ ನಿಜಾಂಪುರದವನು. ಮಂಜೀತ್ ಚಿಲ್ಲರ್ ಊರೂ ಅದೇ! ಒಂದೇ ಹಳ್ಳಿ ಒಂದೇ ತಂಡಕ್ಕೆ ಇಬ್ಬರು ನಾಯಕರನ್ನು ಕೊಟ್ಟಿದೆ. ಪವನ್ ಕೂಡ ದೆಹಲಿಯ ಬವಾನಾ ಕಡೆಯವನು.

ಅತ್ತ ಕರಾವಳಿಯ ಸುಕೇಶ್ ತಮಿಳುನಾಡಿಗೆ, ಪ್ರಶಾಂತ್ ರೈ ಉತ್ತರ ಪ್ರದೇಶಕ್ಕೆ. ಬಂಗಾಳದ ತಂಡಕ್ಕೆ ತರಬೇತಿ ಕೊಡುತ್ತಿದ್ದವರು ಕಾಸರಗೋಡಿನ ಜಗದೀಶ್ ಕುಂಬಳೆ. ವಲಯದ ಮೂರು ಎದುರಾಳಿ ತಂಡಗಳಲ್ಲಿ ಕನ್ನಡ ಬಲ್ಲವರು ಇದ್ದರು ಎಂದಾಯಿತು. ಹರಾಜಿನಲ್ಲಿ ಊರು ನೋಡಿ ಕೊಳ್ಳುವ ನಿಯಮವಿಲ್ಲ. ಫ್ರಾಂಚೈಸಿಗೆ ಬೇಕಾದದ್ದು ಅಂಕ. ಆದರೂ ಪ್ರತಿ ವರ್ಷ ಕಾಲೇಜು ತಂಡಗಳಿಂದ, ಊರ ಟೂರ್ನಿಗಳಿಂದ ಹೊರಡುವ ಹುಡುಗರಲ್ಲಿ ಒಬ್ಬಿಬ್ಬರಾದರೂ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕೆಂಪು ಜೆರ್ಸಿ ತೊಟ್ಟು ಆಡಲಿ ಎಂದು ಬಯಸುವುದು ಸಣ್ಣತನವಲ್ಲ.

ಕಂಠೀರವ ಎಂದೆ. ಆ ಎರಡು ವರ್ಷ ಬುಲ್ಸ್‌ಗೆ ಅದೂ ಸಿಕ್ಕಿರಲಿಲ್ಲ. ಕ್ರೀಡಾಂಗಣ ಲಭ್ಯವಾಗದೆ ಐದನೇ ಆವೃತ್ತಿಯ ‘ತವರಿನ’ ಪಂದ್ಯಗಳನ್ನು ನಾಗಪುರದಲ್ಲೂ, ಆರನೆಯದರದನ್ನು ಪುಣೆಯಲ್ಲೂ ಆಡಿತು. ಪ್ರತಿಸ್ಪರ್ಧಿಗಳಿಗೆ ತಮ್ಮೂರಿನ ಕೂಗು ಬೆನ್ನಿಗಿದ್ದಾಗ ಬುಲ್ಸ್ ಪುಣೆಯವರ ಮುಂದೆ ಆಡಿ ವಲಯ ಗೆದ್ದಿತು ಎಂಬುದನ್ನೂ ತೂಕಕ್ಕೆ ಹಾಕಬೇಕು.

ಕನ್ನಡದ ನಿಜವಾದ ಪಾಲು ಇದ್ದದ್ದು ಅಂಕಣದ ಹೊರಗೆ, ತರಬೇತುದಾರ ಬಿ.ಸಿ. ರಮೇಶ್ ಅವರಲ್ಲಿ. 2001ರ ಅರ್ಜುನ ಪ್ರಶಸ್ತಿ ಪಡೆದವರು, 2002ರ ಬೂಸಾನ್ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದವರು. ಹೆಸರಿಲ್ಲದ ಕ್ಯಾಚರ್‌ಗಳನ್ನು ಕೂಡಿಸಿ ಒಂದು ಗೋಡೆ ಕಟ್ಟುವುದು ಅವರ ಕಸುಬು. ಮರುವರ್ಷ ಬೆಂಗಾಲ್‌ಗೆ ಹೋಗಿ ಅವರಿಗೂ ಕಪ್ ಗೆಲ್ಲಿಸಿದರು. ಮುಂದೆ ಹತ್ತನೇ ಆವೃತ್ತಿಯಲ್ಲಿ ಪುಣೇರಿ ಪಲ್ಟನ್‌ಗೂ ಅದನ್ನೇ ಮಾಡಿದರು. ಆಟಗಾರರ ಪಟ್ಟಿಯಲ್ಲಿ ಬರದ, ಹರಾಜಿನಲ್ಲಿ ಕೂಗದ ಇಂಥ ಹೆಸರನ್ನು ಹೋಲಿಕೆ ಮಾಡುವವರು ಸಾಮಾನ್ಯವಾಗಿ ಬಿಟ್ಟೇಬಿಡುತ್ತಾರೆ.

ವಲಯ ಸುಲಭದ್ದಿತ್ತೇ?

ಬುಲ್ಸ್ ಅಭಿಮಾನಿಗಳಿಗೆ ಅಷ್ಟಾಗಿ ಇಷ್ಟವಾಗದ ಮಾತು ಈಗ ಬರುತ್ತದೆ. ಆಚೆ ವಲಯದಲ್ಲಿ ಗುಜರಾತ್ 93 ಅಂಕ, ಯು ಮುಂಬಾ 86. ಬುಲ್ಸ್‌ನ 78 ಅಲ್ಲಿದ್ದರೆ ಮೂರನೇ ಸ್ಥಾನಕ್ಕಿಳಿಯುತ್ತಿತ್ತು. ಅಲ್ಲಿ ಮೂರನೆಯದಾದ ದಬಂಗ್ ಡೆಲ್ಲಿಗೆ 68 ಅಂಕ. ಇಲ್ಲಿ ಮೂರನೆಯದಾದ ಯು.ಪಿ.ಗೆ 57.

ಆದರೆ ಒಂದು ವಲಯದಲ್ಲಿ ಅಂಕ ಹೆಚ್ಚು ಬಂದ ಮಾತ್ರಕ್ಕೆ ಆ ವಲಯ ಬಲಿಷ್ಠ ಎನ್ನಲಾಗದು. ಕೆಳಗಿನ ತಂಡಗಳು ದುರ್ಬಲವಾಗಿದ್ದರೆ ಮೇಲಿನವರು ಅವರನ್ನು ಹೊಡೆದು ಅಂಕ ಪೇರಿಸಿರಬಹುದು. ಜೈಪುರ, ಹರಿಯಾಣ ಎರಡೂ ಸೊರಗಿದ್ದವು. ಹಾಗಾದರೆ ಎರಡು ವಲಯಗಳನ್ನು ತೂಗುವುದು ಹೇಗೆ?

ಅದಕ್ಕೊಂದು ಸುಲಭದ ಉಪಾಯವಿದೆ. ವಲಯದೊಳಗಿನ ಪಂದ್ಯದಲ್ಲಿ ಒಬ್ಬರ ಗೆಲುವು ಇನ್ನೊಬ್ಬರ ಸೋಲು. ಒಟ್ಟು ಮಾಡಿದರೆ ಎರಡೂ ಸಮ. ಆದ್ದರಿಂದ ಆರೂ ತಂಡಗಳ ಗೆಲುವು–ಸೋಲು ಕೂಡಿಸಿದಾಗ ಏನಾದರೂ ವ್ಯತ್ಯಾಸ ಉಳಿದರೆ ಅದು ಆಚೆಯವರ ಮೇಲೆ ಆಡಿದ ಪಂದ್ಯಗಳಿಂದಲೇ ಬಂದಿರಬೇಕು. ‘ಬಿ’ ವಲಯದ ಒಟ್ಟು ಗೆಲುವು 55, ಸೋಲು 62. ‘ಎ’ಯದು 63 ಮತ್ತು 56. ಎರಡು ವಲಯಗಳು ಪರಸ್ಪರ ಆಡಿದ 42 ಪಂದ್ಯಗಳಲ್ಲಿ ‘ಎ’ಯವರು ಏಳು ಪಂದ್ಯ ಹೆಚ್ಚು ಗೆದ್ದಿದ್ದಾರೆ. ಅಗಾಧವಲ್ಲ, ಆದರೆ ಕಡೆಗಣಿಸುವಂಥದ್ದೂ ಅಲ್ಲ. ಬುಲ್ಸ್ ಇದ್ದದ್ದು ಸ್ವಲ್ಪ ಹಗುರ ವಲಯದಲ್ಲಿ.

ಇದನ್ನು ಯಾರೋ ಬೇಕೆಂದು ಮಾಡಿದ್ದಲ್ಲ. ಆದರೆ ನಾಲ್ಕನೇ ಸ್ಥಾನದಲ್ಲಿ ನಿಂತು ಹೊರಬಿದ್ದ ತಂಡಕ್ಕೆ ಸಮಾಧಾನ ಹೇಳುವುದು ಕಷ್ಟ. 2019ರ ಏಳನೇ ಆವೃತ್ತಿಯಿಂದ ವಲಯಗಳನ್ನೇ ತೆಗೆದುಹಾಕಿದರು. ಎಲ್ಲರೂ ಎಲ್ಲರ ಮೇಲೆ ಎರಡೆರಡು ಸಲ. ಹನ್ನೊಂದು ಎದುರಾಳಿಗಳು, ಪಂದ್ಯ ಅದೇ 22.

ಮುಂಬೈನ ಇಪ್ಪತ್ತು ನಿಮಿಷ

ಹಗುರ ವಲಯದಿಂದ ಬಂದವರು ಎಂಬ ಮಾತಿಗೆ ಬುಲ್ಸ್ ಪ್ಲೇ-ಆಫ್‌ನಲ್ಲಿ ಉತ್ತರ ಕೊಟ್ಟಿತು. 2018ರ ಡಿಸೆಂಬರ್ 31ರಂದು ಕೊಚ್ಚಿಯಲ್ಲಿ, 93 ಅಂಕದ ಗುಜರಾತನ್ನು 41–29ರಿಂದ ಮಣಿಸಿ ನೇರ ಫೈನಲ್‌ಗೆ ಹೋಯಿತು. ಗುಜರಾತ್ ಇನ್ನೊಂದು ಪಂದ್ಯ ಗೆದ್ದು ಹಿಂದೆಯೇ ಬಂತು.

2019ರ ಜನವರಿ 5, ಮುಂಬೈ. ಅರ್ಧ ಸಮಯಕ್ಕೆ ಗುಜರಾತ್ 16, ಬುಲ್ಸ್ 9. ಹಿಂದಿನ ವರ್ಷ ತನ್ನನ್ನು ಬೆಂಚಿನಲ್ಲಿ ಕೂರಿಸಿದ್ದ ತಂಡದ ಎದುರು ಪವನ್ ಆಮೇಲೆ ಆಡಿದ ಆಟವನ್ನು ನೋಡಿದವರು ಬಲ್ಲರು. ಕ್ಯಾಚರ್‌ಗಳು ಕೈಕೈ ಹಿಡಿದು ಮುಚ್ಚಿಕೊಂಡು ಬಂದರೆ ಅವರ ತಲೆಯ ಮೇಲಿಂದಲೇ ಹಾರುವುದು. ಹಾರುತ್ತಾನೆಂದು ಅವರು ಎದ್ದು ನಿಂತರೆ ಪಕ್ಕಕ್ಕೆ ಸರಿದು ಕಾಲು ಚಾಚುವುದು. ಎರಡನೇ ಅವಧಿಯಲ್ಲಿ ಬುಲ್ಸ್ 29 ಅಂಕ ಗಳಿಸಿತು. 38–33. ಅದರಲ್ಲಿ ಪವನ್‌ನದು 22.

ಆವೃತ್ತಿಯುದ್ದಕ್ಕೂ ಅವನ ರೈಡ್ ಅಂಕ 271. ಪ್ರದೀಪ್‌ಗಿಂತ 38 ಹೆಚ್ಚು. ರಾಹುಲ್ ಚೌಧರಿಯ ಬೆಲೆಯ ಅರ್ಧಕ್ಕೂ ಕಡಿಮೆಗೆ ಸಿಕ್ಕವನು ಅಮೂಲ್ಯ ಆಟಗಾರ ಪ್ರಶಸ್ತಿ ಪಡೆದ. ಮುಂದಿನ ಆವೃತ್ತಿಯಲ್ಲಿ ಹರಿಯಾಣದ ಮೇಲೆ ಒಂದೇ ಪಂದ್ಯದಲ್ಲಿ 39 ರೈಡ್ ಅಂಕ ತಂದ.

ಪವನ್ ಹೋದ ಮೇಲೆ

2022ರ ಹರಾಜಿನಲ್ಲಿ ಪವನ್‌ನನ್ನು ತಮಿಳ್ ತಲೈವಾಸ್ 2.26 ಕೋಟಿಗೆ ಕೊಂಡಿತು. ಬುಲ್ಸ್ ಆ ಜಾಗಕ್ಕೆ ವಿಕಾಸ್ ಕಂಡೋಲಾಗೆ 1.70 ಕೋಟಿ ಕೊಟ್ಟಿತು. ಎಲ್ಲರ ಹೋಲಿಕೆಯೂ ಈ ಎರಡು ಹೆಸರುಗಳ ಸುತ್ತ ಗಿರಕಿ ಹೊಡೆಯಿತು.

ತಲೈವಾಸ್ ಪರ ಮೊದಲ ಪಂದ್ಯದಲ್ಲೇ ಪವನ್ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಇಡೀ ಆವೃತ್ತಿಯಿಂದ ಹೊರಬಿದ್ದ. ಆದರೆ ಅದೇ ವರ್ಷ ತಲೈವಾಸ್ ಮೊದಲ ಬಾರಿಗೆ ಸೆಮಿಫೈನಲ್ ತಲುಪಿತು. ನರೇಂದರ್ ಎಂಬ ಹೊಸ ಹುಡುಗ ರೈಡಿಂಗ್ ಹೊತ್ತುಕೊಂಡ. ಬೆಂಗಳೂರಿನಲ್ಲೂ ಅಂಕಗಳ ಸುರಿಮಳೆ ಬಂದದ್ದು ಕಂಡೋಲಾನಿಂದಲ್ಲ, ಭರತ್‌ನಿಂದ. 279 ರೈಡ್ ಅಂಕ. ಬುಲ್ಸ್ ಕೂಡ ಸೆಮಿಫೈನಲ್ ಆಡಿತು. ಪವನ್ ಇಲ್ಲದ ಪವನ್‌ನ ಎರಡೂ ತಂಡಗಳು ಕೊನೆಯ ನಾಲ್ಕರಲ್ಲಿದ್ದವು!

2024ರಲ್ಲಿ ಲೆಕ್ಕ ಉಲ್ಟಾ ಹೊಡೆಯಿತು. ಒಂಬತ್ತು ವರ್ಷಗಳ ಹಿಂದೆ ಬಿಟ್ಟುಕೊಟ್ಟಿದ್ದ ಪ್ರದೀಪ್ ನರ್ವಾಲ್‌ನನ್ನು ಬುಲ್ಸ್ 70 ಲಕ್ಷಕ್ಕೆ ಮರಳಿ ತಂದು ನಾಯಕನನ್ನಾಗಿ ಮಾಡಿತು. ಲೀಗಿನ ಇತಿಹಾಸದಲ್ಲೇ ಅತಿ ಹೆಚ್ಚು ರೈಡ್ ಅಂಕ ಗಳಿಸಿದವನು, ಅಭಿಮಾನಿಗಳಿಗೆ ಹಬ್ಬ. ತಂಡ 22 ಪಂದ್ಯಗಳಲ್ಲಿ 2 ಗೆದ್ದು ಹನ್ನೆರಡನೆಯದಾಗಿ ಮುಗಿಸಿತು.

ಮರುವರ್ಷ ಬಿ.ಸಿ. ರಮೇಶ್ ತರಬೇತುದಾರರಾಗಿ ಬೆಂಗಳೂರಿಗೆ ವಾಪಸಾದರು. ಕಾರ್ನರ್‌ನಲ್ಲಿ ನಿಲ್ಲುವ ಯೋಗೇಶ್ ನಾಯಕ. ಅಂಕ ತರುವ ಭಾರ ಹೆಚ್ಚಾಗಿ ಬಿದ್ದದ್ದು ಇಲ್ಲಿ ಯಾರೂ ಅಷ್ಟಾಗಿ ಕೇಳಿರದ ಇರಾನಿನ ಅಲಿರೆಜಾ ಮಿರ್ಜಾಯಿಯನ್ ಮೇಲೆ. ಹರಾಜಿನ ಮರುದಿನ ಈ ತಂಡವನ್ನು ಹನ್ನೆರಡರಲ್ಲಿ ಮೇಲಿನ ಸಾಲಿನಲ್ಲಿ ಇಟ್ಟವರು ಕಡಿಮೆ. ಬುಲ್ಸ್ ಆ ವರ್ಷ ಪ್ಲೇ-ಆಫ್ ಆಡಿತು.